ಪಂಪು ಸಂಜೆ ಆರಕ್ಕೇ ಏಕೆ

ನಮ್ಮ ಮನೆಯ ಮುಂಬಾಗಿಲು ತೆಗೆದರೆ ನೀರಿನ ಇಲಾಖೆ, ಹಿಂಬಾಗಿಲು ತೆಗೆದರೆ ಕರೆಂಟಿನ ಇಲಾಖೆ. ಮುಂದೆ ಹತ್ತು ಹೆಜ್ಜೆಗೆ ಪಂಪ್‌ಹೌಸು, ಹಿಂದೆ ಗೋಡೆಯಾಚೆ ಪವರ್‌ಹೌಸು. ನಡುವೆ ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ನಾನು. ಈ ಕ್ವಾರ್ಟರ್ಸಿಗೆ ಬಂದು ನಲವತ್ತೊಂದು ವರ್ಷವಾಯಿತು. ನಮ್ಮವರು ಪಂಪ್ ಆಪರೇಟರ್ ಆಗಿದ್ದರು. ಅವರು ಹೋದ ಮೇಲೆ ಅದೇ ಕುರ್ಚಿಯಲ್ಲಿ ಮಗ ಕೂತಿದ್ದಾನೆ. ಸೊಸೆ ಪವರ್‌ಹೌಸಿನ ಕಂಟ್ರೋಲ್ ರೂಮಿನಲ್ಲಿ ಇಂಜಿನಿಯರು. ಬೆಳಿಗ್ಗೆ ಅವನು ಮುಂದಿನಿಂದ ಹೋಗುತ್ತಾನೆ, ಅವಳು ಹಿಂದಿನಿಂದ ಹೋಗುತ್ತಾಳೆ. ಗೊತ್ತಿಲ್ಲದವರು ನೋಡಿದರೆ ಗಂಡ ಹೆಂಡತಿ ಇವತ್ತಿಗೆ ಬೇರೆಯಾದರು ಎಂದೇ ತಿಳಿಯಬೇಕು.

ಅವರಿಬ್ಬರ ಮದುವೆಯಾದ ಹೊಸದರಲ್ಲಿ ಹಾಗೇ ಆಗಿಬಿಡುತ್ತಿತ್ತು. ಒಂದು ದಿನ ಕರೆಂಟು ಇಳಿದು ಪಂಪು ನಿಂತಿತು. ನಿನ್ನ ಆಫೀಸಿನಿಂದ ಹೀಗಾಯಿತು ಎಂದು ಅವನು, ನಿಮ್ಮ ಮೋಟರೇ ಮುದಿಯಾಗಿದೆ ಎಂದು ಅವಳು. ಒಂದು ವಾರ ಆ ಜಗಳ ನಡೆಯಿತು. ಬೀದಿಯ ನಾಯಿಗಳು ಬೊಗಳುವುದನ್ನು ಬಿಟ್ಟು ನಮ್ಮ ಮನೆಯ ಮಾತು ಕೇಳಲು ಕೂರುತ್ತಿದ್ದವು. ಕೊನೆಗೆ ನಾನೇ ಕಾನೂನು ಮಾಡಿದೆ. ಆಫೀಸಿನ ಮಾತು ಚಪ್ಪಲಿಯ ಜೊತೆ ಬಾಗಿಲ ಹೊರಗೆ, ಒಳಗೆ ತಂದವರಿಗೆ ಊಟವಿಲ್ಲ. ಆವತ್ತಿನಿಂದ ಆರು ವರ್ಷ ಮನೆ ತಣ್ಣಗಿತ್ತು.

ಆ ಕಾನೂನು ಮುರಿದವಳು ಸೊಸೆ. ಒಂದು ಸೋಮವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅವಳು ಅನ್ನವನ್ನು ತಟ್ಟೆಯ ಆ ಕಡೆಯಿಂದ ಈ ಕಡೆಗೆ ದೂಡುತ್ತಿದ್ದಳೇ ಹೊರತು ತುತ್ತೆತ್ತಲಿಲ್ಲ. ನನ್ನ ಕೈಯಡುಗೆಗೆ ಹೆದರುವ ಕಾಲ ದಾಟಿ ಎಷ್ಟೋ ವರ್ಷವಾಗಿತ್ತು. ಏನಾಯಿತೆಂದು ಕೇಳಿದೆ.

"ಊಟ ಕೊಡದಿದ್ರೂ ಪರವಾಗಿಲ್ಲ ಅತ್ತೆ, ಹೇಳಿಬಿಡ್ತೀನಿ. ಮೂರನೇ ಇಂಜಿನ್ ಕೂರಿಸ್ಬೇಕಂತೆ. ಜಾಗ ಇದೇ. ನಮ್ಮನೆ. ಬೇಕು ಅಂತ ಶನಿವಾರದೊಳಗೆ ನಾನೇ ಬರೆದುಕೊಡ್ಬೇಕು."

ಮಗ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತ. ಅವಳು ವಿವರಿಸಿದಳು. ಪವರ್‌ಹೌಸಿನಲ್ಲಿ ಎರಡು ಡೀಸೆಲ್ ಇಂಜಿನ್ನುಗಳಿವೆ, ಒಂದೊಂದಕ್ಕೂ ಒಂದು ಚಿಮಣಿ. ಹಗಲೆಲ್ಲ ಊರಿಗೆ ಬಿಸಿಲಿನ ಕರೆಂಟು ಬೇಕಾದಷ್ಟಿರುತ್ತದೆ, ಹೆಚ್ಚಾಗಿ ಕೆಲವು ಸೋಲಾರ್ ಹಲಗೆಗಳನ್ನು ಬಂದ್ ಮಾಡಿಸಬೇಕಾಗುತ್ತದೆ. ಸಂಜೆ ಬಿಸಿಲು ಹೋಗುತ್ತದೆ, ಊರಿನವರೆಲ್ಲ ಮನೆಗೆ ಬಂದು ದೀಪ, ಒಲೆ, ಫ್ಯಾನು ಹಾಕುತ್ತಾರೆ. ಆಗ ಎರಡು ಇಂಜಿನ್ನುಗಳನ್ನೂ ಓಡಿಸಿದರೂ ಏದುಸಿರು. ಮೇಲಿನ ಆಫೀಸಿನವರು ಒಂದು ಕಾಗದದಲ್ಲಿ ಹೊಗೆ ಕಡಿಮೆ ಮಾಡಿ ಎನ್ನುತ್ತಾರೆ, ಇನ್ನೊಂದರಲ್ಲಿ ಮೂರನೇ ಇಂಜಿನ್ನಿಗೆ ಜಾಗ ತೋರಿಸಿ ಎನ್ನುತ್ತಾರೆ. ಎರಡರ ಮೇಲೂ ಒಂದೇ ದಿನದ ಮೊಹರು.

ಕಣ್ಣಿಗೆ ಕಾಣುವ ಹೊಗೆ ಅಷ್ಟೇನೂ ಅಲ್ಲವಂತೆ. ಕಾಣದ ಗಾಳಿ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸುತ್ತದಂತೆ, ಬೇಸಿಗೆಯಲ್ಲೂ ತೆಗೆಯಲು ಬಾರದ ಕಂಬಳಿ. ಕಾಣುವ ಹೊಗೆಯೇ ನನಗೆ ಸಾಕಾಗಿತ್ತು ಎಂದೆ. ಹಿತ್ತಿಲಿನ ತಂತಿಗೆ ಬಿಳಿಯ ಹೊದಿಕೆ ಹರವಿದರೆ ಸಂಜೆಗೆ ಎಮ್ಮೆಯ ಚರ್ಮ ತೆಗೆದ ಹಾಗೆ ತೆಗೆಯಬೇಕು.

ಆಗ ನೆನಪಾಯಿತು, ನನ್ನ ಹತ್ತಿರ ಒಂದು ದಾರವಿದೆ.

ಎರಡು ತಿಂಗಳ ಹಿಂದೆ, ಈ ಮಸಿ ಯಾವ ಹೊತ್ತಿಗೆ ಬೀಳುತ್ತದೆ ನೋಡಿಯೇಬಿಡೋಣ ಎಂದು ಹಟಕ್ಕೆ ಬಿದ್ದಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಸಿಡುಬು. ಬರೆದಿಡುವುದು ನನ್ನಿಂದಾಗದು. ಆದರೆ ಮನೆಯಲ್ಲಿ ಹಳೆಯ ಅಂಗಿ ಗುಂಡಿಗಳ ಡಬ್ಬಿ ಇತ್ತು. ದಿನವೂ ಸಂಜೆ ಹಿತ್ತಿಲಲ್ಲಿ ಕೂತು, ಪಂಪಿನ ಸದ್ದು ಕೇಳಿದರೆ ಒಂದು ಬಿಳಿ ಗುಂಡಿ ಪೋಣಿಸುವುದು. ಎರಡನೇ ಚಿಮಣಿಯಲ್ಲಿ ಹೊಗೆ ಕಂಡರೆ ಒಂದು ಕಪ್ಪು ಗುಂಡಿ. ದೀಪ ಹಚ್ಚುವ ಹೊತ್ತಿಗೆ ಒಂದು ಗಂಟು ಹಾಕಿ ಆ ದಿನ ಮುಗಿಸುವುದು. ಮೊದಲ ಚಿಮಣಿಯನ್ನು ಬಿಟ್ಟುಬಿಟ್ಟೆ, ಅದು ಹೇಗೂ ದಿನಾ ಸಂಜೆ ಹೊಗೆ ಬಿಡುವ ಚಟದ ಮುದುಕ.

ದಾರ ತಂದು ತಟ್ಟೆಗಳ ನಡುವೆ ಉದ್ದಕ್ಕೆ ಹಾಸಿದೆ. ಬಿಳಿ, ಕಪ್ಪು, ಗಂಟು. ಬಿಳಿ, ಕಪ್ಪು, ಗಂಟು. ಸೊಸೆ ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಡಗೈ ಬೆರಳಿನಲ್ಲಿ ಒಂದೊಂದನ್ನೇ ಮುಟ್ಟುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಗುಂಡಿಯೇ ಇರಲಿಲ್ಲ. ಬರೀ ಮೂರು ಗಂಟು.

ಇದೇನೆಂದು ಕೇಳಿದಳು. ಮೋಟರ್ ಸುಟ್ಟು ರಿಪೇರಿಗೆ ಹೋದ ಮೂರು ದಿನ ಎಂದೆ. ಪಂಪು ಓಡಲಿಲ್ಲ, ಆದ್ದರಿಂದ ಬಿಳಿ ಇಲ್ಲ. ಕಪ್ಪು ಏಕಿಲ್ಲ ಎಂದು ನನಗೇನು ಗೊತ್ತು, ಹೊಗೆ ಬರಲಿಲ್ಲ, ಪೋಣಿಸಲಿಲ್ಲ.

ಅವಳು ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಪಂಪು ಅಷ್ಟು ಕರೆಂಟು ತಿನ್ನುತ್ತಾ?"

ತಿನ್ನದೆ ಇರುತ್ತದೆಯೇ. ಆ ಮೋಟರ್ ಶುರುವಾದರೆ ಗೋಡೆಯ ಮೇಲಿನ ಹಲ್ಲಿ ನಡುಗಿ ನೆಲಕ್ಕೆ ಬೀಳುತ್ತದೆ. ಊರಿಗೆಲ್ಲ ಕುಡಿಸುವ ನೀರನ್ನು ಗುಡ್ಡದ ತುದಿಯ ಟ್ಯಾಂಕಿಗೆ ಎತ್ತಬೇಕು. ಆದರೆ ಅವಳ ಕಂಟ್ರೋಲ್ ರೂಮಿನಲ್ಲಿ ಪಂಪಿಗೆಂದೇ ಬೇರೆ ಮೀಟರಿನ ಮುಳ್ಳು ಇಲ್ಲವಂತೆ. ಆಸ್ಪತ್ರೆ, ಬೀದಿದೀಪ, ನೀರು ಮೂರನ್ನೂ ಒಂದೇ ಅಂಕಿಯಲ್ಲಿ ಸೇರಿಸಿ, ಅಗತ್ಯ ಸೇವೆ, ಕೈ ಹಚ್ಚಬಾರದು ಎಂದು ಬರೆದಿಟ್ಟಿದ್ದಾರೆ. ಅವಳು ಆರು ವರ್ಷದಿಂದ ಕೈ ಹಚ್ಚಿರಲಿಲ್ಲ, ಬಿಚ್ಚಿ ನೋಡಿಯೂ ಇರಲಿಲ್ಲ. ಮನೆಗೆ ಬಂದು ಗಂಡನನ್ನು ಕೇಳೋಣವೆಂದರೆ ಅತ್ತೆಯ ಕಾನೂನು.

ಹಾಗಾದರೆ ಪಂಪನ್ನು ಬಿಸಿಲಿರುವಾಗ, ಬೆಳಿಗ್ಗೆ ಹನ್ನೊಂದಕ್ಕೆ ಓಡಿಸಿದರಾಯಿತು ಎಂದಳು. ಮಗ ಎರಡು ಕೈಯನ್ನೂ ಅಡ್ಡ ಆಡಿಸಿದ. ಆಗುವುದಿಲ್ಲ. ಲಾಗ್‌ಬುಕ್ಕಿನ ಮೊದಲ ಪುಟದಲ್ಲೇ ಅಪ್ಪನ ಅಕ್ಷರದಲ್ಲಿದೆ, 'ಪಂಪು ಸಂಜೆ ಆರರಿಂದ ಹತ್ತು. ಬದಲಿಸಕೂಡದು.' ಅಪ್ಪ ಸುಮ್ಮನೆ ಬರೆಯುವವರಲ್ಲ. ಹಗಲು ಬಿಸಿಲಿಗೆ ಪೈಪು ಹಿಗ್ಗಿ ಕೀಲು ಬಿಡುತ್ತದೆ ಎಂದು ನಿವೃತ್ತರಾದ ದೊಡ್ಡ ಇಂಜಿನಿಯರು ಹೇಳಿದ್ದರು. ಸಂಜೆಯಾದರೆ ಬಾವಿಯ ಒರತೆ ಏರುತ್ತದೆ ಎಂದು ವಾಲ್ವಿನವನು ಹೇಳುತ್ತಾನೆ. ಹೊಸಬರು ಬಂದರೆ ಮಗನೇ ಆ ಪುಟ ತೆಗೆದು ಎರಡೂ ಕಾರಣ ಹೇಳಿ, ಮೂರನೆಯದೊಂದನ್ನು ತಾನೇ ಸೇರಿಸುತ್ತಾನೆ.

ಸೊಸೆ ಬಿಡಲಿಲ್ಲ. ಹಿಗ್ಗಿದ ಪೈಪನ್ನು ನೀವು ಕಂಡಿದ್ದೀರಾ, ಒರತೆಯನ್ನು ಯಾರಾದರೂ ಅಳೆದಿದ್ದಾರೆಯೇ ಎಂದು ಒಂದೊಂದೇ ಕೇಳಿದಳು. ಯಾರೂ ಕಂಡಿರಲಿಲ್ಲ, ಯಾರೂ ಅಳೆದಿರಲಿಲ್ಲ. ಅವನಿಗೂ ಒಳಗೊಳಗೇ ಕುತೂಹಲ ಹತ್ತಿತ್ತು, ಆದರೆ ಮುಖ ಬಿಗಿದುಕೊಂಡಿದ್ದ.

"ಕಾರಣ ಇದ್ದೇ ಇರುತ್ತೆ ಕಣೇ. ನಮಗೆ ಗೊತ್ತಿಲ್ಲ ಅಷ್ಟೆ."

ನಾನು ಎದ್ದು ತಟ್ಟೆ ತೊಳೆಯಲು ಹೋದೆ. ಎಂದೂ ಸೊಸೆಗಿಂತ ಮೊದಲು ತಟ್ಟೆ ಮುಟ್ಟಿದವಳಲ್ಲ. ಇಬ್ಬರೂ ಅನುಮಾನದಿಂದ ನೋಡಿದರು. ಕಾರಣ ನನಗೆ ಗೊತ್ತಿತ್ತು. ಹೇಳಿದರೆ ಮಗನ ಪಾಲಿಗೆ ಅಪ್ಪ ಒಂದು ಗೇಣು ಇಳಿಯುತ್ತಾರೆ, ಸೊಸೆಯ ಎದುರು ನಾನು ಒಂದು ಮೊಳ ಇಳಿಯುತ್ತೇನೆ. ಹೇಳದಿದ್ದರೆ ಶನಿವಾರ ಮನೆಯೇ ಇಳಿಯುತ್ತದೆ. ಒಂದೇ ತಟ್ಟೆಯನ್ನು ಎಷ್ಟು ಹೊತ್ತು ಉಜ್ಜಿದೆನೆಂದರೆ ಇನ್ನೊಂದು ಸ್ವಲ್ಪ ಉಜ್ಜಿದ್ದರೆ ಆಚೆ ಬದಿ ಕಾಣುತ್ತಿತ್ತು.

"ಪೈಪೂ ಅಲ್ಲ, ಬಾವಿನೂ ಅಲ್ಲ ಕಣೋ," ಎಂದೆ, ತಿರುಗದೆ. "ನಾನು."

ಆಮೇಲೆ ಹೇಳಲೇಬೇಕಾಯಿತು. ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಹತ್ತೊಂಬತ್ತು. ಆಗ ಪಂಪು ಓಡುತ್ತಿದ್ದದ್ದು ಹಗಲು ಹನ್ನೊಂದರಿಂದ ಮೂರು. ಹಳೆಯ ಮೋಟರು, ಕಾಲು ಗಂಟೆಗೊಮ್ಮೆ ಬೇರಿಂಗಿಗೆ ಎಣ್ಣೆ ಬಿಡಬೇಕು, ಬಿಟ್ಟು ಏಳುವ ಹಾಗಿಲ್ಲ. ಅವರು ಅಲ್ಲಿ ಡಬ್ಬಿಯ ತಣ್ಣನೆ ಅನ್ನ ತಿನ್ನುತ್ತಿದ್ದರು. ನಾನು ಇಲ್ಲಿ ಗೋಡೆ ನೋಡಿಕೊಂಡು ಒಬ್ಬಳೇ ಉಣ್ಣುತ್ತಿದ್ದೆ. ಹತ್ತು ಹೆಜ್ಜೆ ದೂರ, ಮಧ್ಯೆ ಆ ಸದ್ದು. ಒಂದು ದಿನ ಸಿಟ್ಟು ಬಂದು ಮಾತು ಬಿಟ್ಟೆ. ಎಂಬತ್ತು ದಿನ ಬಿಟ್ಟೆ. ಅವರು ಬದುಕಿದ್ದರೆ ಎಂಟು ದಿನ ಎನ್ನುತ್ತಿದ್ದರು, ಆದರೆ ಬಿಟ್ಟವಳು ನಾನು, ಲೆಕ್ಕ ನನ್ನದು. ಅದರ ಮಾರನೆಯ ಮಧ್ಯಾಹ್ನ ಅವರು ಬಂದು ಕೈತೊಳೆದು ಎದುರಿಗೆ ಕೂತರು. ಪಂಪನ್ನು ಸಂಜೆಗೆ ಹಾಕಿದ್ದೇನೆ, ಬಡಿಸು ಎಂದರು. ತಾವು ರಜೆ ಹಾಕಿದಾಗ ಬರುವ ಬದಲಿ ಆಪರೇಟರು ಹಳೆಯ ಹೊತ್ತಿಗೇ ತಿರುಗಿಸಿಬಿಟ್ಟಾನೆಂದು 'ಬದಲಿಸಕೂಡದು' ಎಂದು ಬರೆದರು. ಆಗ ಹಿಂದೆ ಪವರ್‌ಹೌಸು ಎಲ್ಲಿತ್ತು, ಬರೀ ಬಯಲು. ಯಾರಿಗೂ ಏನೂ ಆಗಲಿಲ್ಲ.

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ನಗುತ್ತಿತ್ತು. "ಮಾವ ನಿಮಗೆ ಅಷ್ಟು ಹೆದರ್ತಿದ್ರಾ ಅತ್ತೆ?"

"ಅವರ ಮಗ ನಿನಗೆ ಹೆದರಲ್ವಾ? ಹಾಗೇ," ಎಂದೆ.

ಮಗ ಬರಿಗಾಲಿನಲ್ಲೇ ಪಂಪ್‌ಹೌಸಿಗೆ ಹೋದ. ನಾನು ಕಿಟಕಿಯಿಂದ ನೋಡಿದೆ. ಲಾಗ್‌ಬುಕ್ಕಿನ ಮೊದಲ ಪುಟ ತೆಗೆದು ನಿಂತೇ ಇದ್ದ. ಆ ಎರಡು ಸಾಲು ಓದಲು ಎರಡನೇ ಕ್ಲಾಸಿನ ನನಗೂ ಅಷ್ಟು ಹೊತ್ತು ಬೇಡ. ವಾಪಸು ಬಂದವನು ಅಪ್ಪನ ಬಗ್ಗೆ ಏನೂ ಕೇಳಲಿಲ್ಲ. ಈಗಿನ ಮೋಟರಿಗೆ ಎಣ್ಣೆ ಬಿಡುವ ಕೆಲಸವಿಲ್ಲ, ಹಗಲು ಓಡಿಸಬಹುದು ಎಂದ. ಒಂದೇ ಭಯವೆಂದ. ಮಧ್ಯಾಹ್ನ ತುಂಬಿದ ಟ್ಯಾಂಕಿನಲ್ಲಿ ಸಂಜೆಯ ಬಳಕೆ ಕಳೆದು ಮಾರನೆಯ ಬೆಳಗಿಗೆ ನೀರು ಉಳಿಯುತ್ತದೆಯೇ. ಉಳಿಯದಿದ್ದರೆ ಗುಡ್ಡದ ಮೇಲಿನ ಬೀದಿಯವರು ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ.

ಅವನು ತನ್ನ ಮೇಲಧಿಕಾರಿಗೆ ಫೋನು ಮಾಡಿದ, ಇವಳು ತನ್ನ ಮೇಲಧಿಕಾರಿಗೆ. ಆಚೆಯವರು ಒಪ್ಪಿದರೆ ನಮ್ಮದೇನಿಲ್ಲ ಎಂದು ಇಬ್ಬರೂ ಅಂದರಂತೆ. ಒಂದೇ ಗೋಡೆ ಹಂಚಿಕೊಂಡ ಎರಡು ಆಫೀಸುಗಳ ನಡುವೆ ಇಷ್ಟು ವರ್ಷದಲ್ಲಿ ಒಂದು ಕಾಗದವೂ ಓಡಾಡಿರಲಿಲ್ಲ. ಗಂಡ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತು ಒಂದೇ ಕಾಗದ ಬರೆದು ಇಬ್ಬರೂ ಸಹಿ ಹಾಕಿದರು. ಗುರುವಾರ ಒಂದು ದಿನ ನೋಡಲು ಒಪ್ಪಿಗೆ ಬಂತು.

ಗುರುವಾರ ಹನ್ನೊಂದಕ್ಕೆ ಮೋಟರು ಗುಡುಗಿತು. ಗೊತ್ತಿದ್ದೂ ಬೆಚ್ಚಿದೆ. ಪಾಪ, ಹಲ್ಲಿಗೆ ಯಾರೂ ಹೇಳಿರಲಿಲ್ಲ. ಬಿಳಿ ಗುಂಡಿ ಪೋಣಿಸಿದೆ. ಮಧ್ಯಾಹ್ನ ಮೊದಲ ದಿನವೆಂದು ಮಗ ಊಟಕ್ಕೆ ಬರಲಿಲ್ಲ, ಸೊಸೆ ಕಂಟ್ರೋಲ್ ರೂಮು ಬಿಡಲಿಲ್ಲ. ನಾನು ಗೋಡೆ ನೋಡಿಕೊಂಡು ಉಂಡೆ.

ಸಂಜೆ ಐದೂವರೆಗೇ ಹಿತ್ತಿಲಲ್ಲಿ ಕುಳಿತೆ, ಅಂಗೈಯಲ್ಲಿ ಕಪ್ಪು ಗುಂಡಿ. ಆರಕ್ಕೆ ಮೊದಲ ಚಿಮಣಿ ತನ್ನ ಚಟ ಶುರುಮಾಡಿತು. ಎರಡನೆಯದು ಸುಮ್ಮನಿತ್ತು. ಆರೂವರೆ. ಬೀದಿದೀಪಗಳು ಹತ್ತಿಕೊಂಡವು. ಇಷ್ಟರಲ್ಲಿ ಎರಡನೇ ಚಿಮಣಿಯ ಬಾಯಲ್ಲಿ ಕಪ್ಪಗೆ ಏನೋ ಕಂಡಿತು. ನನ್ನ ಎದೆ ಬಡಿತ ಗೋಡೆಯಾಚೆ ಸೊಸೆಗೂ ಕೇಳಿಸಿರಬೇಕು. ದಾರ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಆ ಕಪ್ಪು ರೆಕ್ಕೆ ಬಿಡಿಸಿ, ಕೊಡವಿ, ಮತ್ತೆ ಮುದುಡಿ ಕೂತಿತು. ಕಾಗೆ. ನಲವತ್ತೊಂದು ವರ್ಷದಲ್ಲಿ, ಹೋಗಲಿ, ಪವರ್‌ಹೌಸು ಬಂದ ಹದಿನೆಂಟು ವರ್ಷದಲ್ಲಿ, ಸಂಜೆ ಹೊತ್ತು ಆ ಚಿಮಣಿಯ ಮೇಲೆ ಕಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಬಿಸಿಯಿದ್ದರೆ ಕೂರುತ್ತದೆಯೇ.

ಬರೀ ಬಿಳಿ ಗುಂಡಿ, ಅದರ ಪಕ್ಕ ಗಂಟು. ಕಪ್ಪನ್ನು ಡಬ್ಬಿಗೆ ಹಾಕಿದೆ.

ಬೆಳಕು ಹರಿಯುವಾಗ ಮಗ ಗುಡ್ಡ ಹತ್ತಿದ. ಟ್ಯಾಂಕಿನ ಹೊರಗೋಡೆಯ ಮೇಲೆ ಅಡಿಯ ಗೀಟುಗಳಿವೆ. ಒಳಗೆ ತೇಲುವ ಬುರುಡೆಗೆ ಕಟ್ಟಿದ ಹಗ್ಗದ ಈಚೆ ತುದಿಯಲ್ಲಿ ಕೆಂಪು ಬಿಲ್ಲೆ ನೇತಾಡುತ್ತದೆ. ನೀರು ಇಳಿದಷ್ಟೂ ಬಿಲ್ಲೆ ಏರುತ್ತದೆ. ಅವನು ಇಳಿದು ಬಂದಾಗ ನಾನೂ ಸೊಸೆಯೂ ಬಾಗಿಲಲ್ಲೇ ಇದ್ದೆವು. ಬೀದಿ ಬೀದಿಗೂ ನೀರು ಹೋಗಿ ಇನ್ನೂ ಎರಡಡಿ ಉಳಿದಿದೆ ಎಂದ. ಬೇಸಿಗೆಯಲ್ಲಿ ಎರಡಡಿ ಸಾಲುತ್ತದೆಯೋ ಇಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದ. ಅವರಪ್ಪನ ಹಾಗೆಯೇ, ಸಂತೋಷವನ್ನು ಪೂರ್ತಿ ಬಡಿಸುವ ಅಭ್ಯಾಸವಿಲ್ಲ.

ಶನಿವಾರ ಸೊಸೆ ಬರೆದುಕೊಟ್ಟ ಕಾಗದದಲ್ಲಿ ಮೂರನೇ ಇಂಜಿನ್ ಬೇಕು ಎಂದಿರಲಿಲ್ಲ. ಪಂಪನ್ನು ಒಂದು ವರ್ಷ ಹಗಲು ಓಡಿಸಿ ನೋಡೋಣ, ಅಲ್ಲಿಯವರೆಗೆ ಜಾಗ ಬೇಡ ಎಂದಿತ್ತು. ಮೇಲಿನವರು ಕಡತವನ್ನು ಮುಚ್ಚಲಿಲ್ಲ, ಬದಿಗಿಟ್ಟರು. ಮನೆ ಒಂದು ವರ್ಷ ನಿಲ್ಲುತ್ತದೆ. ನನ್ನ ವಯಸ್ಸಿಗೆ ಒಂದು ವರ್ಷವೆಂದರೆ ನೂರು ವರ್ಷ.

ಈಗ ಮಧ್ಯಾಹ್ನ ನಾನೇ ಡಬ್ಬಿ ಹಿಡಿದು ಹತ್ತು ಹೆಜ್ಜೆ ನಡೆಯುತ್ತೇನೆ. ಸೊಸೆ ಹಿಂಬಾಗಿಲಿನಿಂದ ಬಂದು, ಮನೆ ದಾಟಿ, ಮುಂಬಾಗಿಲಿನಿಂದ ಪಂಪ್‌ಹೌಸಿಗೆ ಬರುತ್ತಾಳೆ. ಮೋಟರಿನ ಪಕ್ಕ ಮೂವರೂ ಬೆಂಚಿನ ಮೇಲೆ ಕೂತು ಉಣ್ಣುತ್ತೇವೆ. ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಇನ್ನಷ್ಟು ಬಡಿಸು ಎಂದು ಬೆರಳು ತೋರಿಸಬೇಕು. ಅಷ್ಟು ವರ್ಷ ಹೊರಗಿನಿಂದ ಬೈದ ಸದ್ದಿನ ಒಳಗೆ ಕೂತರೆ ಅನ್ನ ಬಿಸಿಯಾಗಿಯೇ ಇರುತ್ತದೆ. ಆಗಲೇ ಇದನ್ನು ಪರೀಕ್ಷೆ ಮಾಡಿದ್ದರೆ ಆಗುತ್ತಿತ್ತು. ಆದರೆ ಹತ್ತೊಂಬತ್ತಕ್ಕೆ ಸಿಟ್ಟು ಬರುತ್ತದೆ, ಬುದ್ಧಿಗೆ ದಾರಿ ದೂರ.

ಒಂದು ದಿನ ಇಬ್ಬರೂ ಕೈತೊಳೆಯಲು ಹೋದಾಗ ಲಾಗ್‌ಬುಕ್ಕು ತೆಗೆದೆ. ಬೆರಳಿಟ್ಟು ಅಕ್ಷರ ಕೂಡಿಸಿದೆ. ಕೆಳಗೆ ಮಗ ಹೊಸದಾಗಿ ಬರೆದಿದ್ದ. 'ಪಂಪು ಹಗಲು ಹನ್ನೊಂದರಿಂದ ಮೂರು. ಕಾರಣ: ಬಿಸಿಲಿನ ಕರೆಂಟು. ಬದಲಿಸುವುದಾದರೆ ಹಿಂದಿನ ಗೋಡೆಯವರನ್ನು ಕೇಳಿ ಬದಲಿಸುವುದು.' ಅಪ್ಪನ ಸಾಲನ್ನು ಹೊಡೆದು ಹಾಕಿರಲಿಲ್ಲ. ಅದರ ಪಕ್ಕದ ಖಾಲಿ ಜಾಗದಲ್ಲಿ, ಯಾರಿಗೂ ಕಾಣಬಾರದೆಂಬ ಹಾಗೆ ಸಣ್ಣಗೆ ಪೆನ್ಸಿಲಿನಲ್ಲಿ ಬರೆದಿದ್ದ. ಮೋಟರು ಇಡೀ ಬೆಂಚನ್ನು ಅಲುಗಾಡಿಸುತ್ತಿತ್ತು, ಬೆರಳು ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ಸಲ ಜಾರಿ, ನಾಲ್ಕನೇ ಸಲಕ್ಕೆ ಓದಿದೆ.

'ಕಾರಣ: ಅಮ್ಮನ ಜೊತೆ ಊಟ.'