ಎರಡನೆಯ ಬಾಯಿ

"ಯಾರೋ ಇವನು? ನೀನು ಹಡೆದ ಈ ಬಡಗಿ ಯಾರೋ?"

ಅತ್ತಿಗೆ ಅಚ್ಚಾದ ಹಾಳೆಯನ್ನು ನನ್ನ ಮೂಗಿನ ತುದಿಗೇ ಹಿಡಿದಿದ್ದರು. ಇಂಕು ಇನ್ನೂ ಆರಿರಲಿಲ್ಲ, ಅವರ ಹೆಬ್ಬೆರಳು ಕಪ್ಪಾಗಿತ್ತು.

"ಮೆಷಿನ್ ಓಡ್ತಿದೆ. ಆಮೇಲೆ ಮಾತಾಡಿ," ಎಂದೆ.

"ನಿಲ್ಲಿಸು."

"ನಿಲ್ಲಿಸಲ್ಲ."

"ಗೋಂದು, ನೀನು ನಿಲ್ಲಿಸೋ."

ಗೋಂದು ನಮ್ಮ ಬೈಂಡರ್. ಇಪ್ಪತ್ತು ವರ್ಷ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚಿದವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಸಂಬಳ ಕೊಡುವವನು ನಾನು, ಆದರೂ ಹೋಗಿ ಸ್ವಿಚ್ ಆರಿಸಿದ.

"ಸೇತುವೆ ಪಕ್ಕದ ಬಡಗಿ, ವಯಸ್ಸು ಅರವತ್ತು," ಅತ್ತಿಗೆ ಹಾಳೆ ನೋಡಿ ಓದಿದರು. "ಸೇತುವೆ ಪಕ್ಕ ಟೈರಿನ ಅಂಗಡಿ ಇದೆ. ಹಳೇ ಪೇಪರಿನವನಿದಾನೆ. ಬೀಗ ರಿಪೇರಿಯವನಿದಾನೆ. ಈ ಬಡಗಿ ಎಲ್ಲಿಂದ ಉದುರಿದ? ನಾನು ಸಹಿ ಹಾಕಿದ ಪ್ರೂಫಲ್ಲಿ ಇವನಿರಲಿಲ್ಲ."

ನಾನು ಮೆಷಿನ್ನಿನ ಪಕ್ಕದ ಹಾಳೆಗಳ ಅಂಚು ತಟ್ಟಿ ಸರಿಮಾಡಿದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಮರದ ಮಿಲ್ಲಿನಲ್ಲಿ ಗರಗಸ ನೋಡಿಕೊಳ್ಳುತ್ತಿದ್ದ. ಅವನು ತೀರಿಹೋಗಿ ಹದಿನಾಲ್ಕು ವರ್ಷ. ಹೋದ ಮೂರನೆಯ ತಿಂಗಳು ಅತ್ತಿಗೆ ನನ್ನ ಪ್ರೆಸ್ಸಿಗೆ ಬಂದು, "ಪ್ರೂಫ್ ನೋಡೋಕೆ ನಿಂಗೆ ಜನ ಬೇಕಲ್ವಾ?" ಎಂದರು. ಬೇಕಿರಲಿಲ್ಲ. ಬೇಕು ಎಂದೆ. ದಯೆ ತೋರಿಸುತ್ತಿದ್ದೇನೆ ಅಂದುಕೊಂಡಿದ್ದೆ. ವಾರ ಕಳೆಯುವುದರೊಳಗೆ ಅವರು ಒಂದು ಆಹ್ವಾನಪತ್ರಿಕೆಯಲ್ಲಿ ಮೂರು ತಪ್ಪು, ಒಂದು ಪಠ್ಯಪುಸ್ತಕದಲ್ಲಿ ನಲವತ್ತು ತಪ್ಪು ಹಿಡಿದು, ನನ್ನನ್ನು ಕರೆದು, "ಇಷ್ಟು ದಿನ ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಅಚ್ಚು ಹಾಕ್ತಿದ್ಯಾ?" ಎಂದು ಕೇಳಿದರು. ಆಗ ಗೊತ್ತಾಯಿತು, ದಯೆ ಯಾರು ಯಾರ ಮೇಲೆ ತೋರಿಸುತ್ತಿದ್ದಾರೆ ಎಂದು.

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಕಾಗದದ ರೀಮುಗಳ ಮಧ್ಯೆ ಒಂದು ಮೇಜು ಹಾಕಿಕೊಂಡು ಹತ್ತು ವರ್ಷದ ಹಿಂದೆ ಅವರು ಶುರುಮಾಡಿದ್ದು ಈಗ ಅಚ್ಚಾಗುತ್ತಿರುವ ಈ ಪುಸ್ತಕ. ನಮ್ಮ ದುಡಿಯುವ ಜನ ದಿನಾ ಬಳಸುವ ಇಂಗ್ಲಿಷ್ ಪದಗಳು. ನಿಘಂಟುಗಳಲ್ಲಿ ಇರುವ ಅರ್ಥವಲ್ಲ, ಬಾಯಲ್ಲಿ ಇರುವ ಅರ್ಥ. ಕೈಕೆಲಸ ಕಲಿಸುವ ಶಾಲೆಗಳಿಗೆ ಬೇಕು ಎಂದು ಎರಡು ಸಾವಿರ ಪ್ರತಿಗೆ ಆರ್ಡರೂ ಬಂದಿತ್ತು. ಅದರಲ್ಲಿ ಬೇರೆ ಪದಗಳು ಅರ್ಧ ಪುಟ, ಒಂದು ಪುಟ. "ಸೆಟ್" ಒಂದೇ ಹನ್ನೊಂದು ಪುಟ.

"ಮೂರಕ್ಷರದ ಪದಕ್ಕೆ ಹನ್ನೊಂದು ಪುಟವಾ? ಕಾಗದ ಏನು ಮರದಲ್ಲಿ ಬೆಳೆಯುತ್ತಾ?" ಎಂದು ಒಮ್ಮೆ ರೇಗಿದ್ದೆ.

"ಮರದಲ್ಲೇ ಬೆಳೆಯೋದು ಕಣೋ," ಎಂದು ಗೋಂದು ಮುಂದೆಯೇ ನಕ್ಕಿದ್ದರು.

ಅವರ ಕೆಲಸದ ರೀತಿ ನೋಡಿದರೆ ಯಾರಿಗಾದರೂ ಹುಚ್ಚು ಹಿಡಿಯುತ್ತಿತ್ತು. ಒಂದು ಅರ್ಥ ಪುಸ್ತಕಕ್ಕೆ ಹೋಗಬೇಕಾದರೆ ಎರಡು ಬಾಯಿಂದ ಬಂದಿರಬೇಕು. ಆ ಇಬ್ಬರಿಗೂ ಒಬ್ಬರಿಗೊಬ್ಬರ ಪರಿಚಯ ಇರಕೂಡದು. ಇನ್ನೂ ದೊಡ್ಡ ಕಟ್ಟುಪಾಡು ಎಂದರೆ, ಅತ್ತಿಗೆ ತಾವಾಗಿ ಕೇಳುವಂತಿಲ್ಲ. ಇದಕ್ಕೆ ಏನಂತೀರಿ ಎಂದು ಬಾಯಿ ಬಿಡುವಂತಿಲ್ಲ. ಕೆಲಸದ ಭರದಲ್ಲಿ ಆ ಮನುಷ್ಯನ ಬಾಯಿಂದ ತಾನಾಗಿ ಉದುರುವವರೆಗೆ ಕಾಯಬೇಕು.

"ಕೇಳಿಬಿಡಿ ಅತ್ತಿಗೆ, ಎರಡು ನಿಮಿಷದ ಕೆಲಸ."

"ಕೇಳಿದ್ರೆ ಹೌದು ಅಂತಾರೆ. ಕನ್ನಡಕ ಹಾಕ್ಕೊಂಡವಳು ಚೀಟಿ ಹಿಡ್ಕೊಂಡು ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ಹೌದು ಬೇಡ ನಂಗೆ, ಮಾತು ಬೇಕು."

ಹಾಗಾಗಿ ಕಾಯುತ್ತಿದ್ದರು. ತರಕಾರಿ ಚೀಲ ಹಿಡಿದುಕೊಂಡು, ಬಸ್ಸಿಗೆ ಕಾಯುವವರಂತೆ. ಒಂದು ಮನೆಗೆ ಚಾವಣಿ ಹಾಕುವುದನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತು ನೋಡಿದರು. ಕೊನೆಗೆ ಗಾರೆ ಕೆಲಸದ ಹೆಂಗಸು ಒಬ್ಬಳು, "ತುಳೀಬೇಡ್ರೋ, ಇನ್ನೂ ಸೆಟ್ ಆಗಿಲ್ಲ!" ಎಂದು ಕೂಗಿದಳು. ಅತ್ತಿಗೆ ಬರೆದುಕೊಂಡು, ಸಂಪ್ರದಾಯದ ಪ್ರಕಾರ ವಾರದ ಮೇಲೆ ಹೋಗಿ ಚೀಟಿಯನ್ನು ಅವಳಿಗೆ ಓದಿ ಹೇಳಿದರು. ಅದೂ ಅವರ ಕಟ್ಟು. ಆಡಿದವರಿಗೆ ಓದಿ ಹೇಳದೆ ಚೀಟಿ ಡಬ್ಬಿಗೆ ಬೀಳುತ್ತಿರಲಿಲ್ಲ. "ಸೆಟ್ ಆಗು ಅಂದರೆ ಸಿಮೆಂಟು ಒಣಗುವುದು" ಎಂದು ಓದಿದ ತಕ್ಷಣ ಆ ಹೆಂಗಸು ಬಾಂಡಲಿ ಕೆಳಗಿಟ್ಟಳಂತೆ.

"ಯಾರಮ್ಮ ನಿಮಗೆ ಹೇಳಿದ್ದು? ಒಣಗೋದು ಬೇರೆ, ಸೆಟ್ ಆಗೋದು ಬೇರೆ. ಒಣಗಿದ್ರೆ ಬಿರುಕು ಬಿಡುತ್ತೆ. ಸೆಟ್ ಆಗ್ಬೇಕಾದ್ರೆ ಅದು ದಿನಾ ನೀರು ಕುಡೀಬೇಕು."

ಅತ್ತಿಗೆ ಪ್ರೆಸ್ಸಿಗೆ ಓಡಿಬಂದು ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ನಲವತ್ತು ವರ್ಷ ಕಡಿಮೆಯಾಗಿತ್ತು. "ನಾವೆಲ್ಲ ಒಣಗೋದು ಅಂತಲೇ ತಿಳ್ಕೊಂಡಿದ್ವಲ್ಲೋ!"

ಹೀಗೆ ಒಂದೊಂದಾಗಿ ಬಂದವು. ಕನ್ನಡಿ ಮುಂದೆ ಕೂರಿಸಿ ಕೂದಲು ಸೆಟ್ ಮಾಡುವವಳ ಸೆಟ್. ಉಂಗುರದ ಕಲ್ಲನ್ನು ನಾಲ್ಕು ಕೊಕ್ಕೆಗಳ ಮಧ್ಯೆ ಕೂರಿಸುವ ಅಕ್ಕಸಾಲಿಯ ಸೆಟ್. ನಾಟಕದವರ ಬಟ್ಟೆ ಗೋಡೆ. ಗಡಿಯಾರದವನ ಮುಳ್ಳು. ಹುಡುಗ ಹುಡುಗಿ ಒಪ್ಪಿದಾಗ ದಲ್ಲಾಳಿ ಕಣ್ಣು ಮಿಟುಕಿಸಿ ಹೇಳುವ ಸೆಟ್. ಪಕ್ಕದ ಬೀದಿಯ ಸೊಸೆಯೊಬ್ಬಳು ಜಗಲಿಯಲ್ಲಿ ನಿಂತು, "ನಮ್ಮ ಮಾವ ಮೂತಿ ಊದಿಸ್ಕೊಂಡು ಮಲಗಿದಾರೆ, ಅವರ ಸೆಟ್ ಮಾತ್ರ ಲೋಟದಲ್ಲಿ ಹಲ್ಲು ಕಿರೀತಾ ಕೂತಿದೆ" ಎಂದದ್ದು. ಒಂದೇ ಪದ ಇಷ್ಟು ಮನೆಗಳಲ್ಲಿ ಇಷ್ಟು ಬಗೆಯಾಗಿ ದುಡಿಯುತ್ತದೆ ಎಂದು ನಾನು ಯಾವತ್ತಾದರೂ ಯೋಚಿಸಿದ್ದೆನೇ? ಹಳ್ಳಿ ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ್ದು ಬೆತ್ತ. ಅತ್ತಿಗೆಯೂ ಅದೇ ಶಾಲೆಯ ಬೆಂಚಿನಲ್ಲಿ ಕೂತವರು. ಬೆತ್ತ ಅವರಿಗೂ ಬಿದ್ದಿತ್ತು. ಆದರೆ ಕಿವಿ ಅವರದೇ.

ನನ್ನ ಬಾಯಿಯೂ ಆ ಪುಸ್ತಕದಲ್ಲಿದೆ. ಒಂದು ದಿನ ಇಂಕು ಹೆಚ್ಚಾಗಿ ಒಂದು ಹಾಳೆಯ ಅಚ್ಚು ಮೇಲಿನ ಹಾಳೆಯ ಬೆನ್ನಿಗೆ ಹತ್ತಿಕೊಂಡಿತು. ನಾನು ಗೋಂದು ಮೇಲೆ ಹಾರಾಡಿದೆ. ವಾರದ ಮೇಲೆ ಅತ್ತಿಗೆ ಚೀಟಿ ತಂದು ಗಂಭೀರವಾಗಿ ಓದಿದರು: "ಎಲ್ಲಾ ಹಾಳೆ ಸೆಟ್ ಆಫ್ ಹೊಡೆದು ಕೂತಿದೆ, ನಿನ್ ತಲೆ! ಪ್ರೆಸ್ಸಿನವರು, ವಯಸ್ಸು ನಲವತ್ತೊಂಬತ್ತು." ತಲೆ ಎತ್ತಿ, "ನಿನ್ ತಲೆ ಇರಲಾ, ತೆಗೀಲಾ?" ಎಂದು ಕೇಳಿದರು.

"ಇರಲಿ," ಎಂದೆ. ನನ್ನ ಬೈಗುಳಕ್ಕೂ ಬೆಲೆ ಇದೆ ಎಂದು ಅವತ್ತೇ ತಿಳಿದದ್ದು.

ಇಷ್ಟೆಲ್ಲ ಚೀಟಿಗಳಲ್ಲಿ ಮೊಟ್ಟಮೊದಲನೆಯದು ಅಣ್ಣನದು. ಅದು ಚೀಟಿಯೂ ಅಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿ. ಮದುವೆಯಾದ ಹೊಸದರಲ್ಲಿ ಅಣ್ಣ ಮನೆಯ ಅಂಗಳದಲ್ಲಿ ಕೂತು ಕೈಗರಗಸಕ್ಕೆ ಅರ ಉಜ್ಜಿ, ಇಕ್ಕಳ ಹಿಡಿದು ಹಲ್ಲು ಬಗ್ಗಿಸುತ್ತಿದ್ದನಂತೆ. ಇವರು ಎದುರು ಕೂತು ಗರಗಸದ ಆ ತುದಿ ಹಿಡಿದಿದ್ದರಂತೆ. ಅವನು ಹೇಳಿದ್ದು ಇಷ್ಟು:

"ಒಂದು ಹಲ್ಲು ನನ್ನ ಕಡೆ, ಒಂದು ಹಲ್ಲು ನಿನ್ನ ಕಡೆ. ಹಿಂಗೆ ಸೆಟ್ ಮಾಡಿದ್ರೇನೇ ಗರಗಸಕ್ಕೆ ಮರದೊಳಗೆ ಉಸಿರಾಟ."

ಯಾಕೆ ಬರೆದಿಟ್ಟರೋ ಅವರಿಗೂ ಗೊತ್ತಿಲ್ಲ. ಚೆನ್ನಾಗಿತ್ತು, ಬರೆದೆ ಎಂದರು. ಪುಸ್ತಕ ಹುಟ್ಟಿದ್ದೇ ಆ ಸಾಲಿನಿಂದ. ಆದರೆ ಅದಕ್ಕೆ ಎರಡನೆಯ ಬಾಯಿ ಸಿಗಲೇ ಇಲ್ಲ. ಅಣ್ಣನ ಮಿಲ್ಲು ಮುಚ್ಚಿತ್ತು. ಈಗಿನ ಬಡಗಿಗಳು ಮೊಂಡಾದ ಬ್ಲೇಡು ಬಿಸಾಡಿ ಹೊಸದು ಹಾಕುತ್ತಾರೆ. ಒಬ್ಬ ಮುದುಕ ಮಾತ್ರ ಇನ್ನೂ ಹಲ್ಲು ಬಗ್ಗಿಸುತ್ತಾನೆ ಎಂದು ತಿಳಿದು ಅತ್ತಿಗೆ ಅವನ ಅಂಗಡಿ ಎದುರು ಎಂಟು ದಿನ ಕಾದರು. ಅವನು ಒಂಬತ್ತನೆಯ ದಿನ ಬಾಯಿಬಿಟ್ಟು, "ಹಲ್ಲು ಬಿಡಿಸ್ತಾ ಇದೀನಿ, ತಡೀರಿ" ಎಂದ. ಸೆಟ್ ಎನ್ನಲಿಲ್ಲ.

ಅತ್ತಿಗೆ ಆ ಕ್ಯಾಲೆಂಡರ್ ಹಾಳೆಯನ್ನು ಒಂದು ಚಿಕ್ಕ ತಗಡಿನ ಡಬ್ಬಿಗೆ ಹಾಕಿದರು. ಎರಡನೆಯ ಬಾಯಿ ಸಿಗದ ಚೀಟಿಗಳ ಡಬ್ಬಿ ಅದು. ಆಮೇಲೆ "ಸೆಟ್"ನ ಹನ್ನೊಂದು ಪುಟಕ್ಕೂ ಸಹಿ ಹಾಕಿ, "ಅಚ್ಚಿಗೆ ಹೋಗಲಿ" ಎಂದು ಬರೆದು ನನ್ನ ಕೈಗಿಟ್ಟರು.

ಯಾರದೋ ಮಾವನ ಹಲ್ಲು ಪುಸ್ತಕದಲ್ಲಿ, ನನ್ನ ಬೈಗುಳ ಪುಸ್ತಕದಲ್ಲಿ, ನನ್ನ ಅಣ್ಣ ತಗಡಿನ ಡಬ್ಬಿಯಲ್ಲಿ. ನನಗೆ ಸಹಿಸಲಾಗಲಿಲ್ಲ. ಅಚ್ಚಿಗೆ ಹೋಗಲಿ ಎಂದು ಸಹಿ ಬಿದ್ದ ಪುಟದಲ್ಲಿ ಒಂದು ಚುಕ್ಕಿಯನ್ನೂ ಅಲುಗಿಸಬಾರದು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಕಟ್ಟು ಇಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ಅದನ್ನು ಮುರಿದಿರಲಿಲ್ಲ. ಅವತ್ತು ಮುರಿದೆ. ಅಣ್ಣನ ಸಾಲು ಸೇರಿಸಿದೆ. ಕೆಳಗೆ ಸೇತುವೆ ಪಕ್ಕದ ಬಡಗಿಯನ್ನು ಹುಟ್ಟಿಸಿ, ಅವನ ಬಾಯಿಗೆ ಒಂದು ಸಾಲು ತುರುಕಿ, ಅಚ್ಚಿನ ಪ್ಲೇಟು ಮಾಡಿಸಿ, ಮೆಷಿನ್ನಿಗೆ ಏರಿಸಿದೆ.

ಅತ್ತಿಗೆ ಅಚ್ಚಾದ ಹಾಳೆಯನ್ನು ಸಹಿ ಹಾಕಿದ ಪ್ರೂಫಿನ ಪಕ್ಕ ಇಟ್ಟು ನೋಡದೆ ಬಿಡುವವರಲ್ಲ ಎಂಬುದು ನನ್ನ ತಲೆಗೆ ಹೊಳೆದಿತ್ತು. ನೋಡಲಿ, ನೋಡಿ ಅಳಲಿ, ಆಮೇಲೆ ನಗಲಿ ಅಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ.

"ನಿನ್ನ ಬಡಗಿ ಏನು ಹೇಳಿದಾನೆ ಓದ್ಲಾ?" ಎಂದರು. ಮೆಷಿನ್ ನಿಂತಿದ್ದರಿಂದ ಅವರ ದನಿ ಕೋಣೆ ತುಂಬ ಕೇಳಿಸುತ್ತಿತ್ತು. "'ಹಲ್ಲನ್ನೆಲ್ಲ ಒಂದೇ ಕಡೆಗೆ ಬಗ್ಗಿಸಿ ಸೆಟ್ ಮಾಡಿದರೆ ಗರಗಸ ಸಲೀಸಾಗಿ ಓಡುತ್ತದೆ.' ಅಲ್ಲಯ್ಯಾ, ಒಂದೇ ಕಡೆ ಬಗ್ಗಿಸಿದ್ರೆ ಗರಗಸ ಗೆರೆ ಬಿಟ್ಟು ಆ ಕಡೆಗೇ ಎಳ್ಕೊಂಡು ಹೋಗಿ ಮರದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಇದನ್ನ ಓದಿ ಕೆಲಸ ಕಲಿಯೋ ಮಕ್ಕಳು ಹಲಗೆ ಹಾಳುಮಾಡ್ತಾರೆ, ಕೈ ಕುಯ್ಕೋತಾರೆ. ಗರಗಸದವರ ತಮ್ಮ ನೀನು! ಒಂದೇ ಒಂದು ದಿನ ನಿಮ್ಮಣ್ಣನ ಕೈ ನೋಡಿದ್ಯೇನೋ?"

"ತಿದ್ದಿಬಿಡಿ. ಅವನ ಸಾಲು ತಿದ್ದಿ, ಇನ್ನೊಂದು ಪ್ಲೇಟು ಹಾಕ್ತೀನಿ."

"ಇಲ್ಲದವನ ಮಾತು ಹೆಂಗೋ ತಿದ್ದೋದು? ಯಾರಿಗೆ ಓದಿ ಹೇಳಲಿ? ತೆಗಿ. ಅವನನ್ನೂ ತೆಗಿ, ನಿಮ್ಮಣ್ಣನ್ನೂ ತೆಗಿ."

"ಅವನು ನನ್ನ ಅಣ್ಣ!"

"ನಂಗೇನಾಗ್ಬೇಕಿತ್ತು ಅವರು?"

ಗೋಂದು ಅಂಟಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದ. ನನಗೆ ಅಲ್ಲಿಗೇ ಸುಮ್ಮನಾಗುವಷ್ಟು ಬುದ್ಧಿ ಇರಬೇಕಿತ್ತು. ಕೋಪ ಬಂದಾಗ ನನ್ನ ನಾಲಗೆಗೆ ಬ್ರೇಕ್ ಇಲ್ಲ.

"ನಿಮಗೆ ಅಣ್ಣನಿಗಿಂತ ಆ ಚೀಟಿಗಳೇ ಹೆಚ್ಚು! ಅವನಿದ್ದಿದ್ರೆ ನಿಮ್ಮ ಡಬ್ಬಿಗಳಿಗೆಲ್ಲ ಬೆಂಕಿ ಹಾಕ್ತಿದ್ದ. ಹೋಗಿ, ನಿಮ್ಮ ಎರಡು ಬಾಯಿ ಕಟ್ಟಿಕೊಂಡು ಹೋಗಿ!"

ಅವರು ಹೆಬ್ಬೆರಳಿನ ಇಂಕನ್ನು ಒರೆಸುವ ಬಟ್ಟೆಗೆ ಒರೆಸಿಕೊಂಡರು. ಕೂಗಲಿಲ್ಲ.

"ಹತ್ತು ವರ್ಷ ಕಾದಿದ್ದು ಯಾಕೆ ಗೊತ್ತಾ? ಈ ಪುಸ್ತಕದಲ್ಲಿ ಒಂದು ಸಾಲು ಸುಳ್ಳಿಲ್ಲ ಅಂತ ಆದ್ಮೇಲೆ ಅದರಲ್ಲಿ ಅವರು ಕೂತ್ಕೋಬೇಕು ಅಂತ. ನೀನು ಅವರ ಪಕ್ಕದಲ್ಲೇ ಒಬ್ಬ ಸುಳ್ಳನ್ನ ಕೂರಿಸಿದೆ. ನಾಳೆ ಯಾರಾದ್ರೂ ಈ ಬಡಗಿ ಎಲ್ಲಿ ಅಂತ ಕೇಳಿದ್ರೆ, ಇಲ್ಲ ಅಂತ ಗೊತ್ತಾದ್ರೆ, ನಿಮ್ಮಣ್ಣ ಇದ್ರು ಅಂತ ಯಾರು ನಂಬ್ತಾರೋ?"

ಹಿಂದಿನ ಕೋಣೆಗೆ ಹೋದರು. ಚೀಟಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ನಾನು ಬಾಗಿಲಲ್ಲಿ ನಿಂತೆ. ಚೀಟಿಗಳನ್ನು ಬೆರಳಲ್ಲಿ ಸರಿಸುತ್ತ ಒಂದನ್ನು ಎತ್ತಿದರು. ನನ್ನದು. ಗುರುತು ಸಿಕ್ಕಿತು. ತೆಗೆದು ಹರಿಯುತ್ತಾರೆ ಅಂದುಕೊಂಡೆ. ಹರಿದಿದ್ದರೆ ನ್ಯಾಯವೇ. ಅವರು ಅದನ್ನು ಒಂದು ಸಲ ಓದಿ, ಇದ್ದ ಜಾಗದಲ್ಲೇ ಇಟ್ಟರು.

"ಇದು ನೀನು ನಿಜವಾಗಿ ಆಡಿದ ಮಾತು. ಇರುತ್ತೆ."

ಚಿಕ್ಕ ತಗಡಿನ ಡಬ್ಬಿಯನ್ನು ಮಾತ್ರ ತರಕಾರಿ ಚೀಲಕ್ಕೆ ಹಾಕಿಕೊಂಡರು. ಪ್ರೂಫ್ ನೋಡುವ ಕೆಂಪು ಪೆನ್ನನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಗೋಂದುಗೆ, "ಆ ಅಂಟಿಗೆ ನೀರು ಜಾಸ್ತಿ ಆಗಿದೆ ನೋಡೋ" ಎಂದರು. ನನ್ನ ಕಡೆ ನೋಡಲಿಲ್ಲ. ಬೀದಿಗಿಳಿದು ಸೇತುವೆಯ ದಿಕ್ಕಿಗೆ ನಡೆದರು.

"ಹೋಗಿ ಕರೀರಿ ಅವರನ್ನ," ಎಂದ ಗೋಂದು.

"ಮೊದಲು ಇದನ್ನ ಹರಿ."

ಅಚ್ಚಾದಷ್ಟೂ ಹಾಳೆ ಹರಿದೆವು. ಸಹಿ ಬಿದ್ದ ಪ್ರೂಫನ್ನು ಮುಂದಿಟ್ಟುಕೊಂಡು ಅದರಲ್ಲಿ ಇದ್ದಂತೆಯೇ, ಒಂದು ಚುಕ್ಕಿ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೊಸ ಪ್ಲೇಟು ಹಾಕಿಸಿದೆ. ಮೂರು ಗಂಟೆಗೆ ಮೆಷಿನ್ ಮತ್ತೆ ಓಡಿತು. ಮೊದಲ ಹಾಳೆಯನ್ನು ಪ್ರೂಫಿನ ಪಕ್ಕ ಇಟ್ಟು, ಅವರು ನೋಡುವ ಹಾಗೆ ಬೆರಳಿಟ್ಟು ಸಾಲು ಸಾಲಾಗಿ ನಾನೇ ನೋಡಿದೆ. ಗಾರೆಯವಳು ಇದ್ದಳು. ಮಾವನ ಹಲ್ಲು ಇತ್ತು. ನಾನಿದ್ದೆ. ಅಣ್ಣ ಇರಲಿಲ್ಲ. ಆ ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟೆ, ಗಾಳಿಗೆ ಹಾರದಂತೆ ಮೇಲೆ ಕೆಂಪು ಪೆನ್ನು ಇಟ್ಟೆ.

ಐದು ಗಂಟೆಯ ತನಕ ಬಾಗಿಲು ತೆಗೆದೇ ಇಟ್ಟಿದ್ದೆ. ಅತ್ತಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಊರಾಚೆ ಎಲ್ಲೋ ಹಳೆಯ ಮರದ ಮಿಲ್ಲೊಂದು ಇನ್ನೂ ನಡೆಯುತ್ತಿದೆಯಂತೆ, ಅದರ ಗೇಟಿನೆದುರು ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ನಿಂತಿರುತ್ತಾರಂತೆ ಎಂದು ವಾರದ ಮೇಲೆ ಕಾಗದದ ಲಾರಿಯವನು ಹೇಳಿದ. ಯಾರಿಗೋ ಕಾಯ್ತಾರೆ ಅನ್ಸುತ್ತೆ, ಯಾರನ್ನೂ ಏನೂ ಕೇಳಲ್ಲ ಎಂದ.