ನೀಲಗಂಗಾ ಮೇಡಂ ಅವರ ಬಿಳಿ ಹೆಲ್ಮೆಟ್

ನಾನು ಒಂದು ಬಿಳಿ ಹೆಲ್ಮೆಟ್. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಕಾದ ಪ್ಲಾಸ್ಟಿಕ್ ಅಚ್ಚಿಗಿಳಿದು ಗಟ್ಟಿಯಾದಾಗ ನನಗೆ ರೂಪ ಬಂತು. ಹಳದಿಯವು ಕಾರ್ಮಿಕರಿಗೆ, ಬಿಳಿಯವು ಅಧಿಕಾರಿಗಳಿಗೆ. ಹಾಗಾಗಿ ಹುಟ್ಟಿನಿಂದಲೇ ನನಗೆ ಸ್ವಲ್ಪ ಜಂಬ.

ಕಲಬುರಗಿ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆಗೆ ಬಂದೆ. ಒಂದು ಸೋಮವಾರ ನನ್ನನ್ನು ಹೊಸ ಇಂಜಿನಿಯರ್ ನೀಲಗಂಗಾ ಹೂಗಾರ ಅವರ ಕೈಗೆ ಕೊಟ್ಟರು. ಹಳೆಯ ಕೆಲಸದ ಎರಡರಷ್ಟು ಸಂಬಳಕ್ಕೆ ಬಂದಿದ್ದರು. ಸುಣ್ಣದಕಲ್ಲು ಸಾಗಿಸುವ ಆರು ಬೆಲ್ಟುಗಳ ಹೊಣೆ ಅವರದು. ಮ್ಯಾನೇಜರ್ ಜಹಗೀರದಾರ ಸಾಹೇಬರು ಕೈಗಡಿಯಾರ ನೋಡಿಕೊಂಡರು. "ಇಷ್ಟು ಪಗಾರ ಕೊಡೋದು ಯಾಕ್ರೀ? ಹೇಳಿಸ್ಕೊಳ್ಳಲಾರದ ಮಾಡ್ತೀರಂತ" ಎಂದು ಮೀಟಿಂಗಿಗೆ ಹೊರಟರು.

ನಕ್ಷೆಯಿಲ್ಲ, ಪರಿಚಯ ಮಾಡಿಸುವವರಿಲ್ಲ, ಹಿಂದಿನವರ ಕಪಾಟಿಗೆ ಕೀಲಿಯೂ ಇಲ್ಲ. ಮೊದಲ ವಾರವೆಲ್ಲ ನನ್ನ ಪಟ್ಟಿಯ ಕೆಳಗೆ ನೀಲಗಂಗಾ ಅವರ ಹಣೆ ಬೆವರುತ್ತಲೇ ಇತ್ತು. ತಾಯಿಯ ಫೋನು ಬಂದರೆ ಮಾತ್ರ "ಎಲ್ಲಾ ಚಲೋ ಅದ ಅವ್ವಾ" ಎನ್ನುತ್ತಿದ್ದರು.

ಎಂಟನೇ ದಿನ ಹಿರಿಯ ಫಿಟ್ಟರ್ ಮಹಿಬೂಬ್ ಸಾಬರ ಎದುರು ನಿಂತರು. "ಕಾಕಾ, ನನಗಿಲ್ಲಿ ಏನೂ ಗೊತ್ತಿಲ್ಲ. ಕಲಿಸ್ತೀರೇನು?"

ಸಾಬರು ನನ್ನನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದರು. "ಇಪ್ಪತ್ತಾರು ವರ್ಷದಾಗ ಬಿಳಿ ಟೊಪ್ಪಿಗಿಯವ್ರು ಯಾರೂ ಹಿಂಗ ಕೇಳಿಲ್ಲ. ಬರ್ರಿ ಮೇಡಂ."

ಅವತ್ತು ನನ್ನ ಜಂಬ ಇಳಿಯಿತು. ಮೇಡಂ ಅವರ ಹೆಜ್ಜೆ ಗಟ್ಟಿಯಾಯಿತು.

ಇಬ್ಬರೂ ಒಂದೊಂದೇ ಬೆಲ್ಟಿನ ಗುಂಟ ನಡೆದರು. ಪ್ರತಿ ಬೆಲ್ಟಿನ ಪಕ್ಕಕ್ಕೂ ಒಂದು ಹಗ್ಗವಿತ್ತು. ಅಪಾಯವಾದಾಗ ಅದನ್ನು ಎಳೆದರೆ ಬೆಲ್ಟು ನಿಲ್ಲಬೇಕು. ನಾಲ್ಕನೆಯದರ ಹಗ್ಗ ಎಳೆದರೂ ಬೆಲ್ಟು ಓಡುತ್ತಲೇ ಇತ್ತು. ನೀಲಗಂಗಾ ಸ್ವಿಚ್ಚಿನ ಕೋಣೆಗೆ ಹೋಗಿ ಅದನ್ನು ನಿಲ್ಲಿಸಿ, ಬೀಗ ಹಾಕಿದರು. ಸಾಹೇಬರಿಗೆ ಮೂರು ಸಲ ಫೋನು ಮಾಡಿದರು. ಎತ್ತಲಿಲ್ಲ.

ಅರ್ಧ ತಾಸಿಗೆ ಸಾಹೇಬರೇ ಧಾವಿಸಿ ಬಂದರು. "ಯಾರನ್ನ ಕೇಳಿ ನಿಲ್ಲಿಸಿದ್ರಿ? ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ, ನೆನಪಿರ್ಲಿ!"

ನೀಲಗಂಗಾ ಅವರ ಕಿವಿ ಬಿಸಿಯಾದದ್ದು ನನಗೆ ತಿಳಿಯಿತು. ದನಿ ಮಾತ್ರ ನಡುಗಲಿಲ್ಲ. "ನೆನಪದ ಸರ್. ಹಗ್ಗ ಕೆಟ್ಟದ್ದು ನನಗ ಯಾರೂ ಹೇಳಿರಲಿಲ್ಲ. ಈಗ ನಾನು ನಿಮಗ ಹೇಳೀನಿ. ಹಂಗೇ ಓಡಿಸು ಅಂತ ಬರದು ಸಹಿ ಮಾಡ್ರಿ, ಬೀಗ ತೆಗೀತೀನಿ."

ಅವರು ಚಾಚಿದ ಪೆನ್ನನ್ನು ಸಾಹೇಬರು ಮುಟ್ಟಲಿಲ್ಲ. ಸಂಜೆಯೊಳಗೆ ಹಗ್ಗ ರಿಪೇರಿಯಾಯಿತು.

ಹನ್ನೆರಡು ದಿನ ಕಳೆದಿರಬೇಕು. ಮಹಿಬೂಬ್ ಸಾಬರ ಅಂಗಿಯ ತೋಳು ಅದೇ ಬೆಲ್ಟಿಗೆ ಸಿಕ್ಕಿಕೊಂಡಿತು. ನೀಲಗಂಗಾ ನುಗ್ಗಿ ಹಗ್ಗ ಎಳೆದರು. ಆ ರಭಸಕ್ಕೆ ನಾನು ಕಬ್ಬಿಣದ ಕಂಬಿಗೆ ಬಡಿದು ಸೀಳಿಹೋದೆ. ಬೆಲ್ಟು ನಿಂತಿತು. ಸಾಬರ ಅಂಗಿ ಹರಿದು ಮೊಣಕೈ ತರಚಿತು, ಕೈ ಉಳಿಯಿತು.

ಸಾಹೇಬರು ತಪ್ಪಾಯಿತು ಎನ್ನಲಿಲ್ಲ. ನೀಲಗಂಗಾ ಅದಕ್ಕಾಗಿ ಕಾಯಲೂ ಇಲ್ಲ. ನೌಕರಿ ಕಾಯಂ ಆದ ತಿಂಗಳೇ ಖಾಲಿ ಬಿದ್ದಿದ್ದ ಕೋಣೆಯೊಂದನ್ನು ಗುಡಿಸಿ, ಹೊಸಬರಿಗೆ ಮೊದಲ ವಾರದ ಪಾಠ ತಾವೇ ಶುರುಮಾಡಿದರು. ಅರ್ಧ ಪಾಠ ಸಾಬರದು.

ಸೀಳಿಹೋದ ಹೆಲ್ಮೆಟ್ ತಲೆಗೆ ಬರುವುದಿಲ್ಲ. ಆರು ವರ್ಷದಿಂದ ಆ ಕೋಣೆಯ ಕಿಟಕಿಯಲ್ಲಿದ್ದೇನೆ. ಬಿಸಿಲಿಗೆ ಮೈ ಪೆಡಸಾಗಿದೆ. ಪೆಟ್ಟಿನಿಂದ ತಲೆ ಕಾಯುವುದಷ್ಟೇ ನನಗೆ ಗೊತ್ತಿದ್ದ ಕೆಲಸ. ತಲೆಯೊಳಗಿನ ದಿಗಿಲನ್ನು ಕಳೆಯುವುದು ಎಷ್ಟು ದೊಡ್ಡ ಕೆಲಸವೆಂದು ಇಲ್ಲಿ ಕೂತು ನೋಡುತ್ತಿದ್ದೇನೆ. ಮೊನ್ನೆ ಕೆಲಸಕ್ಕೆ ಸೇರಿದವಳೊಬ್ಬಳು ಒಂದೇ ತಾಸಿನಲ್ಲಿ ಹನ್ನೊಂದು ಪ್ರಶ್ನೆ ಕೇಳಿದಳು. ಮೇಡಂ ಹನ್ನೊಂದಕ್ಕೂ ಉತ್ತರ ಹೇಳಿ, ನೀರು ಕುಡಿದು, "ಮತ್ತ?" ಎಂದರು.