ಮುನ್ನೂರು ಮಹಡಿ

ಕೋಗಿಲಿನಿಂದ ಯಲಹಂಕದವರೆಗೆ ಕಲಾವತಿ ಹತ್ತಿಳಿಯದ ಮಹಡಿ ಇರಲಿಲ್ಲ. ಗಾಳಿತಂತಿ ಎಂಬ ಇಂಟರ್‌ನೆಟ್ ಕಂಪನಿ ಇನ್ನೂ ದಿನಸಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದ ಕಾಲದಿಂದಲೂ ಅವಳದು ಒಂದೇ ಕೆಲಸ: ಮನೆಯವರನ್ನು ಒಪ್ಪಿಸಿ ಮಹಡಿಯ ಮೇಲೆ ಇಂಟರ್‌ನೆಟ್ ಡಿಶ್ ಕೂರಿಸುವುದು. ಒಂದು ಮಹಡಿಯ ಡಿಶ್ಶಿಗೆ ಇನ್ನೊಂದು ಮಹಡಿಯದು ನೇರ ಕಾಣಬೇಕು, ತಂತಿ ಬೇಡ. ಮನೆಗೆ ನೆಟ್ ಪುಕ್ಕಟೆ, ದೀಪಾವಳಿಗೆ ಒಂದು ಡಬ್ಬಿ ಸ್ವೀಟು. ಊರಿನ ಅರ್ಧ ಜನ ಅವಳಿಗೆ ನೆಂಟರು, ಮಿಕ್ಕರ್ಧ ನೆಂಟರ ನೆಂಟರು, ಬಾಯಿಮಾತೇ ಸಾಕಿತ್ತು.

ಆಮೇಲೆ ದೊಡ್ಡ ದೊಡ್ಡ ಕಂಪನಿಗಳು ಬೀದಿ ಅಗೆದು ಕೇಬಲ್ ಎಳೆದವು. ಉಳಿಯಬೇಕಾದರೆ ಷೇರು ಮಾರಿ ಹಣ ಎತ್ತಬೇಕು, ಕಂಪನಿ ಷೇರು ಪೇಟೆಗೆ ಇಳಿಯಲೇಬೇಕು ಎಂದು ಮಾಲೀಕ ವಿಜಯ್ ಕುಮಾರ್ ಹೊರಟ. ಹಣ ಹೂಡುವವರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಆ ಮಹಡಿಗಳಿಗೆ ಕಾಗದ ಎಲ್ಲಿ? ವಿಜಯ್ ಕುಮಾರ್ ಎಂಟು ಪುಟದ ಇಂಗ್ಲಿಷ್ ಕರಾರು ಮಾಡಿಸಿ ಕಲಾವತಿಯ ಕೈಗಿಟ್ಟ. ಡಿಶ್ ಇರಲು ಒಪ್ಪಿಗೆ ಅಷ್ಟೇ, ಬರೀ ಫಾರ್ಮಾಲಿಟಿ ಎಂದ.

ಎರಡೇ ತಿಂಗಳಲ್ಲಿ ಅವಳು ಮುನ್ನೂರು ಮನೆಗಳ ಸಹಿ, ಹೆಬ್ಬೆಟ್ಟು ತಂದಳು. ಪ್ರತಿ ಕಾಗದಕ್ಕೂ ಸಾಕ್ಷಿ ಅವಳೇ. ನೆಂಟರು ತಂದ ಕಾಗದವನ್ನು ಓದಿ ನೋಡುತ್ತೇನೆ ಅನ್ನುವುದು ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ಕಲಾವತಿ ಓದಿರುತ್ತಾಳೆ ಎಂದು ಅವರು ಸುಮ್ಮನಾದರು, ಸಾರ್ ಓದಿರುತ್ತಾರೆ ಎಂದು ಇವಳು ಸುಮ್ಮನಾದಳು.

ಷೇರು ಪೇಟೆಗೆ ಇಳಿದ ದಿನ ಯಲಹಂಕದ ಆಫೀಸಿನಲ್ಲಿ ಹಬ್ಬವೋ ಹಬ್ಬ. ಟೀವಿಯಲ್ಲಿ ಬೆಲೆ ಏರುತ್ತಿತ್ತು. ಕಲಾವತಿಯ ಕೊರಳಿಗೂ ಒಂದು ಹಾರ ಬಿತ್ತು. ಅಷ್ಟರಲ್ಲಿ ಕೋಗಿಲಿನಿಂದ ಚಿಕ್ಕಮ್ಮ ಮುನಿಶಾಮಮ್ಮನ ಫೋನು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಮಗಳು ಮಾಲಾಳಿಗಾಗಿ ಅವಳು ಮಹಡಿಯ ಮೇಲೆ ಮನೆ ಕಟ್ಟಿಸುತ್ತಿದ್ದಳು. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಅದನ್ನು ಕೆಡವಬೇಕೆಂದು ಕಂಪನಿಯಿಂದಲೇ ನೋಟೀಸು ಬಂದಿದೆಯಂತೆ.

ಕಲಾವತಿ ವಿಜಯ್ ಕುಮಾರನ ಬಳಿಗೆ ಓಡಿದಳು. ಅವನು ಕರಾರಿನ ಆರನೇ ಪುಟ ತೆಗೆದು ಬೆರಳಿಟ್ಟು ತೋರಿಸಿದ. ಡಿಶ್ಶಿಗೆ ಅಡ್ಡ ಬರುವುದರಿಂದ ಮೂವತ್ತು ವರ್ಷ ಮಹಡಿಯ ಮೇಲೆ ಏನೂ ಕಟ್ಟುವ ಹಾಗಿಲ್ಲ.

"ಅದೊಂದು ಇಲ್ದೆ ಇದ್ರೆ ನಮ್ ಷೇರ್ ಯಾರ್ ತಗೋತಿದ್ರು ಕಲಾವತಿ? ಸಾಕ್ಷಿ ನೀವೇ ಹಾಕಿದೀರಲ್ಲ."

ಅವಳು ಬಗ್ಗಿ ನೋಡಿದಳು. ಪುಟದ ಕೆಳಗಿದ್ದದ್ದು ಅವಳದೇ ದುಂಡು ಅಕ್ಷರ.

ಕೋಗಿಲಿಗೆ ಬಂದರೆ ಗಾರೆ ಮುರುಗೇಶ್ ಮೇಲೆ ನಿಂತು ಇಟ್ಟಿಗೆ ಕೀಳುತ್ತಿದ್ದ. ಮಾಲಾ ಕೆಳಗೆ ಪೇರಿಸಿಡುತ್ತಿದ್ದಳು. ಕಲಾವತಿಯ ಕಡೆ ತಿರುಗಲಿಲ್ಲ. ಕೆಡವು ಎಂದದ್ದು ಚಿಕ್ಕಮ್ಮನೇ.

"ನೋಟೀಸಲ್ಲಿ ನಿನ್ನೆಸ್ರು ಐತಂತೆ, ಮಾಲಾ ಓದಿದ್ಲು. ನಾನು ಕೋರ್ಟು ಅಂದ್ರೆ ಮೊದ್ಲು ನಿನ್ನೇ ಎಳೀತಾರೆ. ನನ್ ಮನೆ ಇಂಗೇ ಇರ್ಲಿ ಬಿಡವ್ವ."

ಇದಕ್ಕಿಂತ ಚಿಕ್ಕಮ್ಮ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಕಲಾವತಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಕಾಗದದಲ್ಲಿ ಏನಿದೆ ಎಂದು ತಾನೂ ಓದಿರಲಿಲ್ಲ ಎಂದಳು. ಮುನಿಶಾಮಮ್ಮ ಬಂದು ಅವಳ ಪಕ್ಕದಲ್ಲಿ ಕೂತಳು.

"ನಮ್ದು ಆಯ್ತು," ಎಂದಳು. "ಮಿಕ್ಕಿದ ಮನೆಯೋರಿಗೆ ಯಾವಾಗ ಹೇಳ್ತೀಯ?"

ಕಲಾವತಿಗೆ ಅಳು ಅಲ್ಲೇ ನಿಂತುಹೋಯಿತು. ಆಫೀಸಿನಿಂದ ಇಲ್ಲಿಯ ತನಕ ಅವಳ ತಲೆಯಲ್ಲಿ ಇದ್ದದ್ದು ಇದೊಂದೇ ಮನೆ.

ಪಕ್ಕದ ಮನೆಯ ಮುಂದೆ ಇಟ್ಟಿಗೆ ತುಂಬಿದ ಲಾರಿ ನಿಂತಿತ್ತು. ಅವಳ ಕಾಗದಕ್ಕೆ ಸಹಿ ಹಾಕಿದ್ದ ಆ ಮನೆಯ ಪಿಳ್ಳಣ್ಣ ಅವಳನ್ನು ಕಂಡವನೇ ನಗುತ್ತಾ ಕರೆದ. ಮಗನ ಮದುವೆ ಗೊತ್ತಾಗಿದೆಯಂತೆ, ಮೇಲೆ ಎರಡು ರೂಮು ಹಾಕಿಸುತ್ತಾನಂತೆ, ಮೊದಲ ಇಟ್ಟಿಗೆ ಅವಳೇ ಇಡಬೇಕಂತೆ. ಕಲಾವತಿ ಗೇಟು ತೆಗೆದು ಒಳಗೆ ಹೋದಳು.

"ಇಟ್ಟಿಗೆ ಇಳಿಸ್ಬೇಡಿ ಪಿಳ್ಳಣ್ಣ," ಎಂದಳು.